ಸಾಸಿವೆಯ ಸಂಚಿ

ಮೈ ತೊಳೆಯುವಾಗ ಕುಪ್ಪಸ ಬಿಚ್ಚದೆ ಬಿಟ್ಟಾರೆಯೇ? ಮೇಲಿಂದಲೇ ನೀರು ಹಾಕಿ ಬಿಳಿ ಸೀರೆ ಹೊದಿಸಿದರೆ ಆಯಿತಲ್ಲ. ಅಶ್ವಜಿತ ಕೂತಲ್ಲಿ ಕೂರಲಾರದೆ ಹಿತ್ತಲಿಗೆ ಕಟ್ಟಿದ್ದ ಮರೆಯನ್ನೇ ನೋಡುತ್ತಿದ್ದ. ಅದರ ಹಿಂದೆ ಹೆಂಗಸರು ಅವನ ಹೆಂಡತಿ ವಿಶಾಖಾಳ ಶವಕ್ಕೆ ಸ್ನಾನ ಮಾಡಿಸುತ್ತಿದ್ದರು. ಅವಳಿಗೆ ಮೂವತ್ತಮೂರು. ಬೆಳಿಗ್ಗೆ ಬೀದರಿನಿಂದ ತನ್ನೂರು ಡಾಬಕಾಕ್ಕೆ ಶವ ತರುವಾಗ, ಗಾಡಿಯಲ್ಲಿ, ಎರಡು ಸಲ ಅವನ ಕೈ ಅವಳ ಕುಪ್ಪಸದ ತನಕ ಹೋಗಿ ಹಿಂದೆ ಬಂದಿತ್ತು.

"ಕಾಮಣಿಗಿ ನಮ್ಮೂರಾಗೇ ಔಷಧ ಇತ್ತಲ್ಲೋ," ಎಂದ ನೆರೆಮನೆಯ ನರಸಿಂಗ. "ಬೀದರ ಸೇರಿದವರಿಗಿ ನಮ್ಮ ಬೇರು ಕಹಿ ಹತ್ತತದ."

"ಹೌದು ಕಾಕಾ."

ಅವಳಿಗೆ ಕಾಮಣಿ, ಕಾಮಾಲೆ ರೋಗ, ಎಂದು ಎಲ್ಲರಿಗೂ ಹೇಳಿದವನು ಅವನೇ.

*

ಹೋದ ವರ್ಷ, ಕ್ಯಾನ್ಸರ್ ಎಂದು ಹೈದರಾಬಾದಿನಲ್ಲಿ ಎಡ ಮೊಲೆ ತೆಗೆಸಿಕೊಂಡು ಬಂದ ತಿಂಗಳಿಗೆ ವಿಶಾಖಾ ಕುಪ್ಪಸದೊಳಗೆ ಇಟ್ಟುಕೊಳ್ಳಲು ಹಳೇ ಬಟ್ಟೆಯಲ್ಲಿ ಒಂದು ಸಂಚಿ ಹೊಲಿದಳು. ಗಂಡನಿಗೆ ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಅಡತ ಅಂಗಡಿಯಲ್ಲಿ ಕಾಳು ತೂಗುವ ಕೆಲಸ.

"ಹತ್ತಿ ಹಗುರ ಆಗ್ತದ್ರಿ, ಮ್ಯಾಲ ಸರೀತದ. ಸಾಸಿವಿ ತರ್ರಿ."

ತಂದ. ಅವಳು ಒಂದು ಹಿಡಿ ಹಾಕಿ, ಚಿಟಿಕೆ ತೆಗೆದು, ಕನ್ನಡಿಯ ಮುಂದೆ ನಿಂತಳು.

"ದಿನಾ ತೂಗ್ತೀರಲ್ಲ, ನೋಡಿ ಹೇಳ್ರಿ. ಸಮ ಅದನೋ ಇಲ್ಲೋ?"

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು, "ಮಹಾಮಾಯಾಗ ಹೇಳಬೇಕ್ರಿ. ತಂಗಿಗೂ ಬರಬಹುದು, ತೋರಿಸ್ಕೋಲಿ ಅಂದಾರ ಡಾಕ್ಟರು," ಎಂದಳು.

"ಬ್ಯಾಡ. ಒಬ್ಬರಿಗಿ ಹೇಳಿದರ ಊರಿಗೇ ಹೇಳಿದಂಗ. ಎಲ್ಲಾರೂ ನಿನ್ನ ಎದಿನೇ ನೋಡ್ತಾರ."

ಆಮೇಲೂ ಎರಡು ಸಲ ಕೇಳಿದಳು. ಮತ್ತೆ ಕೇಳಲಿಲ್ಲ.

*

ಮರೆ ಸರಿಯಿತು. ಮೆಹಕರದಿಂದ ಬಂದಿದ್ದ ಮಹಾಮಾಯಾ ಒದ್ದೆ ಕೈಯಲ್ಲೇ ಅವನನ್ನು ಗೋಡೆಯ ಪಕ್ಕಕ್ಕೆ ಕರೆದಳು. ಸೆರಗಿನೊಳಗೆ ಸಂಚಿ.

"ಕಾಮಣಿಗಿ ಇಷ್ಟುದ್ದ ಹೊಲಿಗಿ ಹಾಕ್ತಾರೇನ್ರಿ, ಭಾವಾ?"

ಅವನು ದನಿ ತಗ್ಗಿಸಿದ. "ನೀನೂ ತೋರಿಸ್ಕೋ. ನಾಳಿನೇ. ನಾನೇ ಕರ್ಕೊಂಡು ಹೋಗ್ತೇನಿ."

ಅರ್ಥವಾಗಲು ಅವಳಿಗೆ ತುಸು ಹೊತ್ತು ಹಿಡಿಯಿತು. ಖಾಲಿ ಕೈ ಸೆರಗಿನೊಳಗೆ ತನ್ನ ಎದೆಗೆ ಹೋಯಿತು, ಅಲ್ಲೇ ನಿಂತಿತು.

"ಹೊಲಿಗಿ ಮಾಯ್ದು ವರ್ಷ ಆದಂಗ ಅದಲ್ರಿ. ಅಕ್ಕ ನನಗ್ಯಾಕ ಹೇಳಲಿಲ್ಲ?"

"ಅಕಿನೇ ಬ್ಯಾಡ ಅಂದ್ಳು."

"ಹಂಗೇ ಇದ್ಳು ಬಿಡ್ರಿ," ಎಂದಳು ಮಹಾಮಾಯಾ. "ಸಣ್ಣಾಕಿ ಇದ್ದಾಗಿಂದ ನಾ ಅಕಿಗಿ ಲೆಕ್ಕಕ್ಕೇ ಇರಲಿಲ್ಲ."

ಸಂಚಿಯನ್ನು ಅವನ ಕೈಗೆ ತುರುಕಿ ಹೋದಳು.

ಬುದ್ಧನ ಫೋಟೋದ ಮುಂದೆ ಮೇಣಬತ್ತಿ ಹಚ್ಚಿದರು. ಎಲ್ಲರೂ ಬಾಗಿ ವಿಶಾಖಾಳ ಮುಖ ನೋಡಿದರು. ಮಹಾಮಾಯಾ ನೋಡಲಿಲ್ಲ. ಅಶ್ವಜಿತ ಕೈ ಮುಗಿದು ನಿಂತಿದ್ದ. ಒದ್ದೆ ಸಾಸಿವೆಯ ಭಾರಕ್ಕೆ ಅಂಗಿಯ ಎಡಗಿಸೆ ಜೋತುಬಿದ್ದಿತ್ತು.

ಹೇಳೋಣ ಎಂದವಳು ವಿಶಾಖಾ, ಬೇಡ ಎಂದವನು ತಾನು. ಇದನ್ನು ಅವನು ಮಹಾಮಾಯಾಳಿಗೆ ಯಾವತ್ತೂ ಹೇಳಲಿಲ್ಲ.