ಅಭಿನಂದನೆಯ ಫೋನು

ನೆರೆದೇಶದ ಚುನಾವಣೆಯಲ್ಲಿ ಗೆದ್ದವನು ಮೋಸದಿಂದ ಗೆದ್ದನೆಂದು ಬೀದಿಯಲ್ಲಿ ಆಡುವ ಮಕ್ಕಳಿಗೂ ಗೊತ್ತಿತ್ತು. ಆದರೂ ಅಭಿನಂದನೆ ಹೇಳದೆ ವಿಧಿಯಿಲ್ಲ. ಎಲ್ಲರಿಗಿಂತ ಮೊದಲು ಹೇಳಿದರೆ ಮರ್ಯಾದೆ ಹೋಗುತ್ತದೆ, ಎಲ್ಲರಿಗಿಂತ ಕೊನೆಗೆ ಹೇಳಿದರೆ ವ್ಯಾಪಾರ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ನಾಲ್ಕಾರು ದೇಶಗಳು ಫೋನು ಮಾಡುವವರೆಗೆ ಕಾದು, ಆಮೇಲೆ ಅಧ್ಯಕ್ಷರ ಕೋಣೆಗೆ ದುಭಾಷಿಯನ್ನು ಕರೆಸಿದರು.

ಅವಳು ಹುಟ್ಟಿದ್ದು ಆ ದೇಶದಲ್ಲೇ. ಮದುವೆಯಾಗಿ ಇಲ್ಲಿಗೆ ಬಂದವಳು. ಸೇತುವೆ ಬೀದಿಯಲ್ಲಿ ದರ್ಜಿಯಾಗಿದ್ದ ಅಪ್ಪ ಸತ್ತ ಮೇಲೆ ಅಮ್ಮನೂ ಇವಳ ಜೊತೆಗೇ ಇದ್ದಳು. ಅಣ್ಣ ಮಾತ್ರ ಅಲ್ಲೇ ಮೇಷ್ಟ್ರಾಗಿದ್ದ. ಮತ ಎಣಿಸಲು ಹೋದವನು ಗೆದ್ದವನ ಕಡೆಯವರು ಪೆಟ್ಟಿಗೆಗಳನ್ನು ಬದಲಾಯಿಸಿದ್ದು ಕಂಡು, ಸುಮ್ಮನಿರಲಾರದೆ ಪತ್ರಿಕೆಯವರ ಮುಂದೆ ಬಾಯಿಬಿಟ್ಟ. ‘ದರ್ಜಿಯ ಮಗ’ ಎಂದು ದೇಶಕ್ಕೆಲ್ಲ ಹೆಸರಾಗಿ, ಮರುದಿನವೇ ಜೈಲು ಸೇರಿದ. ಬದುಕಿದ್ದಾನೋ ಇಲ್ಲವೋ ಎಂದು ಕೇಳಲೂ ದಿಕ್ಕಿರಲಿಲ್ಲ.

“ಹೆದರ್ಬೇಡಿ ತಾಯಿ,” ಎಂದಿದ್ದರು ಶಿಷ್ಟಾಚಾರದ ಅಧಿಕಾರಿ. “ಜೈಲಲ್ಲಿರೋರನ್ನ ಬಿಟ್ಬಿಡಿ ಅಂತ ಅಧ್ಯಕ್ಷರು ಓದೋ ಚೀಟಿ ಕೊನೇಲಿ ಒಂದು ಮಾತು ಇಟ್ಟಿದ್ದೀನಿ. ಯಾರ ಹೆಸರೂ ಇಲ್ಲ. ಅವರು ಹೇಳ್ತಾರೆ.”

ಆ ಒಂದು ಮಾತಿಗಾಗಿ ಅವಳು ಬಂದು ಕೂತಿದ್ದಳು.

ದುಭಾಷಿಗೆ ಸ್ವಂತದ ‘ನಾನು’ ಇಲ್ಲ. ಅಧ್ಯಕ್ಷರು “ನನಗೆ ಸಂತೋಷವಾಗಿದೆ” ಎಂದರೆ ಅವಳೂ “ನನಗೆ ಸಂತೋಷವಾಗಿದೆ” ಎನ್ನಬೇಕು. ಎಂದಳು. “ನಿಮ್ಮ ಜನ ಸರಿಯಾದವರನ್ನೇ ಆರಿಸಿದ್ದಾರೆ” ಎಂದೂ ಅಂದಳು. ಅಣ್ಣನನ್ನು ಒಳಗೆ ಹಾಕಿಸಿದವನಿಗೆ, ತನ್ನ ಬಾಯಿಂದ, ತಾಯಿ ಕಲಿಸಿದ ಭಾಷೆಯಲ್ಲಿ.

ಅಧ್ಯಕ್ಷರು ಚೀಟಿಯ ಕೊನೆ ಮುಟ್ಟುವ ಮೊದಲೇ ಕನ್ನಡಕ ತೆಗೆದಿಟ್ಟು, “ಬೇಗ ಭೇಟಿಯಾಗೋಣ” ಎಂದುಬಿಟ್ಟರು. ಆ ಮಾತು ಬರಲೇ ಇಲ್ಲ. ತಾನೇ ಸೇರಿಸಿಬಿಟ್ಟರೆ ಈ ಕೋಣೆಯಲ್ಲಿ ಯಾರಿಗೂ ತಿಳಿಯದು. ನಾಲಿಗೆಯ ತುದಿಯವರೆಗೂ ಬಂತು, ಆದರೆ ಸೇರಿಸಲಿಲ್ಲ. ಅನ್ನ ಕೊಟ್ಟ ಕುರ್ಚಿಯ ನಿಯತ್ತಂತೆ, ಸುಡುಗಾಡು ನಿಯತ್ತು!

ಆಚೆಯಿಂದ ನಗು ಕೇಳಿಸಿತು. “ನಿಮ್ಮ ದುಭಾಷಿ ನಮ್ಮ ಕಡೆಯವರ ಥರಾನೇ ಮಾತಾಡ್ತಾರಲ್ಲ! ಯಾರ ಮನೆ ಮಗಳಂತೆ?”

ಆ ಪ್ರಶ್ನೆಯನ್ನೂ ಅವಳೇ ತಿಳಿಸಿದಳು. ಅಧ್ಯಕ್ಷರಿಗೆ ಖುಷಿಯೋ ಖುಷಿ. “ಹೇಳಮ್ಮ, ಹೇಳು. ಸಂಕೋಚ ಯಾಕೆ?”

ಸುಳ್ಳು ಹೇಳಬಹುದಿತ್ತು. ಆ ಗಳಿಗೆಗೆ ಒಂದು ಸುಳ್ಳೂ ಹೊಳೆಯಲಿಲ್ಲ. “ಸೇತುವೆ ಬೀದಿಯ ದರ್ಜಿಯ ಮಗಳು” ಎಂದಳು.

ಆಚೆಯವನು ಮತ್ತೆ ನಕ್ಕ.

“ಓಹೋ, ಆ ಮೇಷ್ಟ್ರ ತಂಗೀನಾ! ನಿಮ್ಮಣ್ಣ ನಮ್ಮ ಹತ್ರಾನೇ ಇದ್ದಾನೆ ಕಣಮ್ಮ. ಇನ್ಮೇಲೆ ಅವನನ್ನ ನಾನೇ ಖುದ್ದಾಗಿ ನೋಡ್ಕೋತೀನಿ.”

ಒಂದಕ್ಷರ ಬಿಡದೆ ಅದನ್ನೂ ಹೇಳಿದಳು. ಅವಳ ಅಣ್ಣ ಯಾರೆಂದು ಅಧ್ಯಕ್ಷರಿಗೆ ಎಲ್ಲಿ ಗೊತ್ತು? ಮುಖ ಅರಳಿಸಿ, “ನೋಡು, ಎಂಥಾ ದೊಡ್ಡ ಮನಸ್ಸು! ಧನ್ಯವಾದ ಹೇಳಮ್ಮ” ಎಂದರು. ಗೊತ್ತಿದ್ದ ಅಧಿಕಾರಿ ಗೋಡೆಯ ಗಡಿಯಾರ ನೋಡುತ್ತ ನಿಂತಿದ್ದರು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು.

“ಅವನ ವಿಷಯ ಬಂತೇನೇ?”

“ಬಂತಮ್ಮ.”

“ಆ ಪಾಪಿ ಏನಂದ?”

“ಇನ್ಮೇಲೆ ನಾನೇ ಖುದ್ದಾಗಿ ನೋಡ್ಕೋತೀನಿ ಅಂದ.”

ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆ ದೇಶದಲ್ಲಿ ಬಾಳಿದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅದಕ್ಕೆ ನೀನೇನಂದೆ?”

“ಧನ್ಯವಾದ ಅಂದೆ ಅಮ್ಮ.”