ಎಡಕ್ಕೆರಡು, ಬಲಕ್ಕೊಂದು

ಲಿಥಾರಿ ದ್ವೀಪದ ಒಂಬತ್ತು ಅಧ್ಯಕ್ಷರನ್ನು ನಾನೊಬ್ಬನೇ ಆರಿಸಿದ್ದೇನೆ. ಅದರಲ್ಲಿ ಇಬ್ಬರನ್ನು ನಿದ್ದೆಯಲ್ಲಿ. ಒಮ್ಮೆ ಮತಪೆಟ್ಟಿಗೆ ತರುವ ಹಡಗು ಬಿರುಗಾಳಿಗೆ ಸಿಕ್ಕಿ ನಡುಗಡಲಲ್ಲಿ ನಿಂತುಬಿಟ್ಟಾಗ ನಾನು ಬಂಡೆ ಹತ್ತಿ ಗಾಳಿಗೆ ಬೈಯಲು ಶುರು ಮಾಡಿದೆ. ಮೂರು ದಿನ ಬೈದೆ, ಅನ್ನ ನೀರು ಮುಟ್ಟದೆ, ಒಂದು ಬೈಗುಳವನ್ನು ಎರಡನೆಯ ಸಲ ಬಳಸದೆ. ನಾಲ್ಕನೆಯ ದಿನ ಗಾಳಿ ಮುಖ ಮುಚ್ಚಿಕೊಂಡು ತುರ್ಕಿಯ ಕಡೆಗೆ ಹೊರಟುಹೋಯಿತು. ಹಡಗಿನ ಕಪ್ತಾನ ಇಳಿದವನೇ ನನ್ನ ಕೈಗೆ ಮುತ್ತಿಟ್ಟ. ನಂಬಿಕೆಯಿಲ್ಲದವರು ಗಾಳಿಯನ್ನೇ ಕೇಳಬಹುದು.

ನನ್ನ ಹೆಸರು ನೊಮಿಕೊಸ್. ನನಗೆ ಮೂರು ಸಾವಿರ ಮೇಕೆಗಳಿವೆ. ಇಷ್ಟು ಸಣ್ಣ ದ್ವೀಪದಲ್ಲಿ ಅಷ್ಟಕ್ಕೆ ಜಾಗವೆಲ್ಲಿ ಎಂದು ಕೇಳುವವರಿಗೆ, ಅವು ಪಾಳಿಯ ಮೇಲೆ ನಿಲ್ಲುತ್ತವೆ ಎನ್ನುತ್ತೇನೆ. ನಮ್ಮಲ್ಲಿ ಬೇಲಿಗಳಿಲ್ಲ, ಮೇಕೆ ಯಾರದೆಂದು ತಿಳಿಯಲು ಕಿವಿ ನೋಡಬೇಕು. ಒಂದೊಂದು ಮನೆತನ ಒಂದೊಂದು ರೀತಿ ಕಿವಿಯ ಅಂಚು ಕತ್ತರಿಸುತ್ತದೆ. ನಮ್ಮದು ಎಡಕ್ಕೆರಡು ಕಚ್ಚು, ಬಲಕ್ಕೊಂದು. ಅಕ್ಷರ ಬಾರದ ನನ್ನಜ್ಜ ಕಾಗದಪತ್ರಕ್ಕೂ ಇದನ್ನೇ ಹಾಕುತ್ತಿದ್ದ. ಹೆಬ್ಬೆಟ್ಟು ಒತ್ತುವುದು ಗತಿಯಿಲ್ಲದವರ ಕೆಲಸ ಎಂದು ಚಾಕು ತೆಗೆದು ಕಾಗದದ ಎಡ ಅಂಚಿಗೆ ಎರಡು, ಬಲ ಅಂಚಿಗೆ ಒಂದು ಕಚ್ಚು ಕೊಡುತ್ತಿದ್ದ. ಮೂರು ಸಮುದ್ರಗಳಲ್ಲಿ ಈ ಗುರುತು ಪ್ರಸಿದ್ಧ. ಮೀನುಗಳೂ ಇದನ್ನು ಕಂಡರೆ ದಾರಿ ಬಿಡುತ್ತವೆ.

ಇರಲಿ. ನಾನು ಹೇಳಹೊರಟದ್ದು ನಾಲ್ಕು ವರ್ಷದ ಹಿಂದಿನ ಚುನಾವಣೆಯ ವಿಷಯ.

ಪಟ್ಟಿಯಲ್ಲಿದ್ದವರು ಮೂವತ್ತೈದು ಜನ. ಅದರಲ್ಲಿ ಹನ್ನೊಂದು ಜನ ಪಿರೇಯಸ್ ಬಂದರಿನಲ್ಲಿ ಸಂಸಾರ ಮಾಡಿಕೊಂಡು, ಮತ ಹಾಕಲಷ್ಟೇ ಹಡಗು ಹತ್ತುವವರು. ಅಧ್ಯಕ್ಷ ಸ್ಥಾನಕ್ಕೆ ನಿಂತವರು ಇಬ್ಬರು. ಒಬ್ಬ ಯಾಕೋವೊಸ್, ಊರಿನ ಕಾಫಿ ಅಂಗಡಿಯೂ ಅವನದೇ, ಇದ್ದೊಂದು ದೊಡ್ಡ ದೋಣಿಯೂ ಅವನದೇ. ಇನ್ನೊಬ್ಬಳು ಬ್ರೆಡ್ ಸುಡುವ ಥೆಮೆಲಿನಾ. ಅವಳ ಬಾಯಲ್ಲಿದ್ದದ್ದು ಒಂದೇ ಮಾತು: ಊರ ಮೇಲಿನ ಹಳೆಯ ಕಣದ ಸುತ್ತ ಇರುವ ಕಲ್ಲುಗೋಡೆಗಳನ್ನು ಕೆಡವಿ, ನೆಲ ಸಮ ಮಾಡಿ, ಹೆಲಿಕಾಪ್ಟರ್ ಇಳಿಯುವಂತೆ ಮಾಡಬೇಕು. ಆಸ್ಪತ್ರೆಯಿರುವ ದ್ವೀಪಕ್ಕೆ ದೋಣಿಯಲ್ಲಿ ಆರು ಗಂಟೆ. ಅದೂ ಸಮುದ್ರ ಬಿಟ್ಟರೆ. ಯಾಕೋವೊಸ್ ಇದಕ್ಕೆ ನಗುತ್ತಿದ್ದ. "ನನ್ನ ದೋಣಿ ಇರೋವಾಗ ಆ ತಗಡಿನ ತುಂಬಿ ಯಾಕ್ರಪ್ಪಾ?" ಎನ್ನುತ್ತಿದ್ದ. ಆ ಗೋಡೆಗಳ ಮರೆಯಲ್ಲೇ ಅವನ ಮೇಕೆಗಳು ಚಳಿಗಾಲ ಕಳೆಯುತ್ತಿದ್ದವು.

ಮತವನ್ನು ಎಲ್ಲರಿಗೂ ಕೊಡುತ್ತೇನೆನ್ನುವುದು ನಮ್ಮಲ್ಲಿ ಮರ್ಯಾದೆ. ಒಬ್ಬರಿಗೆ ಮಾತ್ರ ಹೇಳಿದರೆ ಇನ್ನೊಬ್ಬರ ಮನೆಯ ಕಾಫಿ ತಪ್ಪಿಹೋಗುತ್ತದೆ. ನಾನು ಯಾಕೋವೊಸನ ಕಾಫಿ ಕುಡಿದು, ಥೆಮೆಲಿನಾಳ ಒಲೆಯ ಮುಂದೆ ಹೋಗಿ ಕುಳಿತೆ.

"ನನ್ನ ಮತ ನಿಂಗೇ ಕಣಮ್ಮ."

"ನಿನ್ನೆ ಯಾಕೋವೊಸ್‌ಗೂ ಹಂಗೇ ಅಂದ್ಯಂತಲ್ಲ ಮಾವ?"

"ಅವನಿಗೆ ಬಾಯಲ್ಲಿ. ನಿನಗೆ ಪೆಟ್ಟಿಗೇಲಿ."

"ಪೆಟ್ಟಿಗೆ ಒಳಗೆ ಇಣುಕಿ ನೋಡೋರು ಯಾರು?" ಎಂದು ಹಿಟ್ಟಿನ ಕೈ ಒದರಿದಳು. "ನೀನು ಸುಳ್ಳನ್ನೇ ಉಸಿರಾಡೋನು. ನಿನ್ನ ಮತ ನಾನು ಎಣಿಕೆಗೇ ಹಿಡಿದಿಲ್ಲ, ಬಿಡು. ತಗೋ, ಬ್ರೆಡ್ ತಿನ್ನು."

ಬ್ರೆಡ್ ತಿಂದೆ. ಮಾತು ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲೇ ನಿಂತಿತು.

ಚುನಾವಣೆ ನಡೆದದ್ದು ಶಾಲೆಯ ಕೋಣೆಯಲ್ಲಿ. ಕೋರ್ಟಿನವರು ಕಳಿಸಿದ ಒಬ್ಬ ವಕೀಲೆ ಮೇಜಿನ ಹಿಂದೆ ಕುಳಿತಿದ್ದಳು, ಪಕ್ಕದಲ್ಲಿ ಶಾಲೆಯ ಮೇಷ್ಟ್ರು. ಇಬ್ಬರ ಹೆಸರಿನ ಎರಡು ಚೀಟಿ, ಒಂದು ಲಕೋಟೆ ಕೈಗೆ ಕೊಡುತ್ತಾರೆ. ಪರದೆಯ ಹಿಂದೆ ಹೋಗಿ ಬೇಕಾದ ಚೀಟಿಯನ್ನು ಲಕೋಟೆಗೆ ಹಾಕಬೇಕು, ಬೇಡದ್ದನ್ನು ಬುಟ್ಟಿಗೆ. ನನಗಿಂತ ಮುಂದೆ ಸಾವಾಸ್ ಇದ್ದ. ಅವನು ಮೊದಲು ಸಮುದ್ರದ ತಳಕ್ಕೆ ಮುಳುಗಿ ಸ್ಪಂಜು ಕೀಳುತ್ತಿದ್ದವನು. ಅಷ್ಟು ಆಳದಿಂದ ನಿಧಾನವಾಗಿ ಏಳದಿದ್ದರೆ ನರ ಹಾಳಾಗುತ್ತದೆ. ಒಂದು ದಿನ ಅವನು ಅವಸರದಲ್ಲಿ ಮೇಲೆ ಬಂದ. ಆವತ್ತಿನಿಂದ ಮೂವತ್ತು ವರ್ಷ ಅವನ ಎರಡೂ ಕೈ ಎಲೆಯಂತೆ ನಡುಗುತ್ತಿವೆ. ಪರದೆಯ ಹಿಂದೆ ಹೋದವನು ಎಷ್ಟು ಹೊತ್ತಾದರೂ ಬರಲಿಲ್ಲ.

"ಏನೋ ಸಾವಾಸ್, ಒಳಗೆ ಎರಡನೇ ಮದುವೆ ಮಾಡ್ಕೋತಿದೀಯಾ?" ಎಂದು ನಾನು ಕೂಗಿದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಬೆವರಿಕೊಂಡು ಹೊರಬಂದ ಸಾವಾಸನೂ ನಕ್ಕ. ನಾನು ಒಳಗೆ ಹೋಗಿ, ಕೆಲಸ ಮುಗಿಸಿ, ಮೀಸೆ ತಿರುವುತ್ತ ಬಂದೆ.

ಗಾಳಿ ಜೋರಾಗಿತ್ತೆಂದು ಬಾಗಿಲು ಮುಚ್ಚಿಕೊಂಡು ವಕೀಲೆ, ಮೇಷ್ಟ್ರು ಇಬ್ಬರೇ ಎಣಿಸಿದರು. ಆಮೇಲೆ ವಕೀಲೆ ಹೊಸ್ತಿಲ ಮೇಲೆ ನಿಂತು ಓದಿದಳು: ಯಾಕೋವೊಸ್ ಹದಿನೇಳು, ಥೆಮೆಲಿನಾ ಹದಿನೇಳು. ಒಂದು ಚೀಟಿ ಹಾಳಾಗಿರುವುದರಿಂದ ಲೆಕ್ಕಕ್ಕಿಲ್ಲ. ಹಾಳಾದ ಚೀಟಿಗೆ ಅರಗು ಮುದ್ರೆ ಹಾಕಿ ತನ್ನ ಚೀಲಕ್ಕೆ ಸೇರಿಸಿದಳು. ಸರಿಸಮವಾದ್ದರಿಂದ ಕಾನೂನಿನಂತೆ ಇಬ್ಬರ ಹೆಸರನ್ನೂ ಚೀಟಿ ಹಾಕಿ ಒಂದನ್ನು ಎತ್ತಿದರು. ಬಂದದ್ದು ಯಾಕೋವೊಸನ ಹೆಸರು.

"ಹಾಳಾಗಿದ್ದು ಯಾರದ್ದು?" ಎಂದು ಥೆಮೆಲಿನಾ ಕೇಳಿದಳು. ಆಮೇಲೆ ಜನರ ನಡುವಿನಿಂದ ಯಾರೋ, "ಹರಿದು ಹೋಗಿರುತ್ತೆ. ಸಾವಾಸನ ಕೈ ನಡುಗುತ್ತಲ್ಲ," ಅಂದರು. ಎಲ್ಲರೂ ಅವನ ಕೈ ನೋಡಿದರು. ಅವನೂ ನೋಡಿಕೊಂಡ. ವಕೀಲೆ ಮರುದಿನ ಹೊರಟಳು. ಮೇಷ್ಟ್ರಿಗೆ ಆ ವರ್ಷವೇ ವರ್ಗವಾಯಿತು.

ಮುಂದಿನ ಫೆಬ್ರವರಿಯಲ್ಲಿ ನನ್ನ ಹೆಂಡತಿ ಗಾರುಫಲ್ಯಾಳಿಗೆ ಹೊಟ್ಟೆನೋವು ಬಂತು. ಮೊದಲು ಸೋಂಪಿನ ಕಷಾಯ ಕುಡಿದಳು, ಮೂರನೆಯ ದಿನ ಅದೂ ಇಳಿಯಲಿಲ್ಲ. ತೆಂಕಣ ಗಾಳಿ ಎದ್ದಿತ್ತು. ಯಾಕೋವೊಸ್ ಎರಡು ಸಲ ದೋಣಿ ಇಳಿಸಿದ. ಎರಡು ಸಲವೂ ಅಲೆ ಅದನ್ನು ಬಂದರಿನ ಗೋಡೆಗೇ ತಂದು ಬಡಿಯಿತು. ಅವನನ್ನು ನಾನು ಬೈಯಲಾರೆ. ಮಧ್ಯಾಹ್ನ ಹೆಲಿಕಾಪ್ಟರ್ ಬಂತು. ಕಣದ ಮೇಲೆ ಸುತ್ತಿತು. ಕಲ್ಲುಗೋಡೆಗಳು, ನಡುವೆ ಮೇಕೆಗಳು. ಮೂರು ಸುತ್ತು ಹಾಕಿ ವಾಪಸು ಹೋಯಿತು. ಮೂರು ಎಂದರೆ ಮೂರೇ. ನಾನು ಹೆಚ್ಚಿಸದೆ ಹೇಳುವ ಲೆಕ್ಕ ಇದೊಂದೇ. ಮರುದಿನ ಥೆಮೆಲಿನಾಳ ಒಲೆಯಿಂದ ಬ್ರೆಡ್ ಹೊರಬರುವ ಹೊತ್ತಿಗೆ ಗಾರುಫಲ್ಯಾ ತೀರಿಕೊಂಡಳು.

ಊರು ಸಾವಾಸನಿಗೆ ಏನೂ ಅನ್ನಲಿಲ್ಲ. ಅವನು ಕಾಫಿ ಅಂಗಡಿಗೆ ಬಂದರೆ ಕುರ್ಚಿಗಳು ಖಾಲಿಯಿರುತ್ತಿರಲಿಲ್ಲ, ಅಷ್ಟೆ. ಎರಡು ತಿಂಗಳಲ್ಲಿ ಬರುವುದನ್ನೇ ಬಿಟ್ಟ. ಆದರೆ ಪ್ರತಿ ಭಾನುವಾರ ಕೋಲೂರಿಕೊಂಡು ನನ್ನ ಮನೆಯ ಅರವತ್ತು ಮೆಟ್ಟಿಲು ಹತ್ತಿ, ಒಣಗಿಸಿದ ಒಂದು ಆಕ್ಟೋಪಸನ್ನು ಬಾಗಿಲಿಗೆ ತೂಗುಹಾಕಿ ಹೋಗುತ್ತಿದ್ದ. ಮಡಕೆ ಕಟ್ಟಿ ನೀರಿಗೆ ಇಳಿಬಿಟ್ಟರೆ ಆಕ್ಟೋಪಸ್ ತಾನಾಗಿ ಬಂದು ಒಳಗೆ ಕೂರುತ್ತದೆ. ಅವನ ಕೈಗೆ ಉಳಿದಿದ್ದ ಬೇಟೆ ಅದೊಂದೇ. ನಾಲ್ಕು ವರ್ಷ ಒಂದು ಭಾನುವಾರವೂ ತಪ್ಪಿಸಲಿಲ್ಲ. ನಾನು ಸುಟ್ಟು, ವಿನೆಗರ್ ಹಾಕಿ ತಿಂದೆ.

ಈ ವರ್ಷ ಮತ್ತೆ ಚುನಾವಣೆ ಬಂತು. ಮತ್ತೆ ಅವರಿಬ್ಬರೇ. ಮತದಾನಕ್ಕೆ ಹಿಂದಿನ ದಿನ ಬೆಳಿಗ್ಗೆ ಥೆಮೆಲಿನಾ ನನ್ನ ಮನೆಗೆ ಬಂದಳು.

"ಬೆರಳು ಮಡಚಿ ಎಣಿಸಿದೀನಿ ಮಾವ, ಪಟ್ಟಿಗೆ ಹೊಸದಾಗಿ ಸೇರಿದ ಒಬ್ಬನನ್ನೂ ಹಿಡಿದು. ಮತ್ತೆ ಸರಿಸಮಾನೇ ಆಗುತ್ತೆ. ಸಾವಾಸ್ ಮಾವ ಬಂದ್ರೆ ನಾನು ಗೆದ್ದೆ. ಬರಲ್ಲ ಅಂತ ಹಟ ಹಿಡಿದಿದಾನೆ."

"ಅದಕ್ಕೆ ನಾನೇನು ಮಾಡ್ಲಿ?"

"ಸತ್ತೋಳು ನಿನ್ನ ಹೆಂಡ್ತಿ. ಕ್ಷಮಿಸಿದೀನಿ ಅಂತ ನೀನು ಹೇಳಬೇಕು. ನೀನು ಹೇಳಿದ್ರೆ ಮಾತ್ರ ಅವನು ಬರೋದು." ಬಾಗಿಲ ಕಡೆ ತಿರುಗಿ, "ಇನ್ನೊಂದು ಹೆಣ ಬೀಳೋದು ಬೇಡ ಮಾವ," ಎಂದಳು.

"ಅಯ್ಯೋ, ಅಷ್ಟೇನಾ? ನಾನು ಮಾತಾಡಿದ್ರೆ ಬಂಡೆ ಎದ್ದು ಬಂದು ಮತ ಹಾಕುತ್ತೆ," ಎಂದು ಟೋಪಿ ಹಾಕಿಕೊಂಡೆ.

ಸಾವಾಸ್ ಅಂಗಳದಲ್ಲಿ ಊಟಕ್ಕೆ ಕುಳಿತಿದ್ದ. ಅವನ ಹೆಂಡತಿ ಆನೆಜಿನಾ ಪಕ್ಕದಲ್ಲಿ ಕುಳಿತು ಬ್ರೆಡ್ ಕುಯ್ಯುತ್ತಿದ್ದಳು.

"ಬಾ ನೊಮಿಕೊಸ್," ಎಂದು ಅವನು ಏಳಹೋದ. "ಇವತ್ತು ಭಾನುವಾರ ಅಲ್ವಲ್ಲ? ನಾನೇ ಬರ್ತಿದ್ದೆ."

"ಕೂತ್ಕೋ, ಕೂತ್ಕೋ. ನಾಳೆ ಬಂದು ಮತ ಹಾಕು ಕಣೋ. ನಾನು ನಿನ್ನ ಕ್ಷಮಿಸಿದೀನಿ." ನನ್ನ ಗಂಟಲಿನಿಂದ ಬಿಷಪ್ಪರ ಧ್ವನಿ ಹೊರಟಿತ್ತು.

ಅವನು ತಲೆಯಾಡಿಸಿದ. "ಬೇಡಪ್ಪ. ಈ ಕೈ ಒಂದ್ಸಲ ಮಾಡಿದ್ದೇ ಸಾಕು. ಲಕೋಟೆಗೆ ತುರುಕೋವಾಗ ಹರಿದಿರಬೇಕು. ದಿನಾ ಕೂತು ನೆನೆಸ್ಕೋತೀನಿ, ಹರಿದ ಸದ್ದು ಕೇಳಿಸಿತ್ತಾ ಇಲ್ವಾ ಅಂತ. ಒಂದೊಂದು ದಿನ ಕೇಳಿಸಿತ್ತು ಅನ್ಸುತ್ತೆ." ಅವನ ಕಣ್ಣಲ್ಲಿ ನೀರಿತ್ತು. ಒರೆಸಲೆಂದು ಎತ್ತಿದ ಕೈ ಮುಖದ ಸುತ್ತ ಅಲೆಯಿತೇ ಹೊರತು ಕಣ್ಣಿಗೆ ತಲುಪಲಿಲ್ಲ.

ನಾನು ಸುಳ್ಳು ಸಹಿಸಬಲ್ಲೆ, ಅಳು ಸಹಿಸಲಾರೆ. ಸಮಾಧಾನ ಮಾಡಲು ಬಾಯಿ ತೆರೆದೆ. ಬಾಯಿ ಎಂದಿನಂತೆ ನನಗಿಂತ ಮುಂದೆ ಓಡಿತು.

"ಅದೇನು ಮಹಾ ಹಾಳಾಗಿತ್ತು ಬಿಡೋ! ಅಂಚಲ್ಲಿ ಮೂರು ಸಣ್ಣ ಕಚ್ಚು, ಅಷ್ಟೇ. ಹೆಸರಿಗೆ ತಾಗೇ ಇರಲಿಲ್ಲ. ಚಾಕು ತುದೀಲಿ ನಾಜೂಕಾಗಿ ಮಾಡಿದ ಹಂಗಿತ್ತು. ಆ ವಕೀಲೆಗೆ ಕಣ್ಣಿದ್ದಿದ್ರೆ ಅದನ್ನ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕ್ತಿದ್ಲು."

ಆನೆಜಿನಾಳ ಚಾಕು ಬ್ರೆಡ್ಡಿನ ಅರ್ಧದಲ್ಲಿ ನಿಂತಿತು.

"ಯಾರು ಹೇಳಿದ್ದು ನಿನಗೆ?"

"ಯಾರೇನು? ಊರಿಗೆಲ್ಲ ಗೊತ್ತು."

"ಊರಿಗೆ ಗೊತ್ತಿರೋದು ಹರಿದಿತ್ತು ಅಂತ. ಆವತ್ತು ಅದನ್ನ ಅಂದಿದ್ದೂ ನೀನೇ, ನಾನು ನಿನ್ನ ಬೆನ್ನ ಹಿಂದೇನೇ ನಿಂತಿದ್ದೆ. ಚೀಟಿ ನೋಡಿದೋರು ಇಬ್ರು, ಆ ವಕೀಲೆ, ಆ ಮೇಷ್ಟ್ರು. ಮೂರು ಕಚ್ಚು ಅಂತ ನಿನಗೆ ಹೆಂಗೆ ಗೊತ್ತು?"

"ಆ ವಕೀಲೆ ಹಡಗು ಹತ್ತೋವಾಗ ನನ್ನ ಕಿವೀಲಿ ಹೇಳಿದ್ಲು. ನನ್ನ ಮೇಲೆ ಅವಳಿಗೆ ಸ್ವಲ್ಪ ಮನಸ್ಸಿತ್ತು..."

ಯಾರೂ ನಗಲಿಲ್ಲ. ಆನೆಜಿನಾ ಚಾಕುವನ್ನು ಬ್ರೆಡ್ಡಿನಿಂದ ಎಳೆದು ಮೇಜಿನ ಮೇಲೆ, ನನ್ನ ಮುಂದೆ ಇಟ್ಟಳು.

"ಮೂವತ್ತು ವರ್ಷದಿಂದ ಇವರ ಬ್ರೆಡ್ ನಾನೇ ಕುಯ್ದು ಕೊಡ್ತಿದೀನಿ. ಇವರ ಜೇಬಲ್ಲಿ ಚಾಕು ಇಲ್ಲ. ಕೊಟ್ರೂ ಹಿಡಿಯೋಕಾಗಲ್ಲ. ಹರಿಯೋಕೆ ಬರುತ್ತೆ ಇವರಿಗೆ, ಕಚ್ಚು ಹಾಕೋಕೆ ಬರಲ್ಲ."

ಅಂಗಳದ ಗೋಡೆಯ ಮೇಲೆ ನನ್ನದೇ ಒಂದು ಮೇಕೆ ನಿಂತು ಅಂಜೂರದ ಚಿಗುರು ಮೇಯುತ್ತಿತ್ತು. ಸಾವಾಸ್ ಅದನ್ನು ನೋಡಿದ. ಬಹಳ ಹೊತ್ತು ನೋಡಿದ.

"ಎಡಕ್ಕೆಷ್ಟು, ನೊಮಿಕೊಸ್?"

ಕುಂಬಳಕಾಯಿ ಕದ್ದವನು ಹೆಗಲು ಮುಟ್ಟಿ ನೋಡಿಕೊಂಡದ್ದು ಹೀಗೆಯೇ ಇರಬೇಕು. ನನ್ನ ಕೈ ತಾನಾಗಿ ಜೇಬಿನ ಚಾಕುವಿನ ಮೇಲೆ ಹೋಗಿತ್ತು.

"ಎಡಕ್ಕೆರಡು," ಎಂದೆ. "ಬಲಕ್ಕೊಂದು."

"ಯಾಕೋ?"

"ನನ್ನ ಮತ ಎಣಿಕೆಗೇ ಹಿಡಿದಿಲ್ಲ ಅಂದ್ಲು ಥೆಮೆಲಿನಾ. ಎಣಿಸೋವಾಗ ಬಾಗಿಲು ತೆಗೆದಿರುತ್ತೆ, ಅವಳ ಹೆಸರಿನ ಚೀಟಿ ಎತ್ತಿ ತೋರಿಸ್ತಾರೆ, ಇದು ನೊಮಿಕೊಸ್‌ದು ಅಂತ ಊರೆಲ್ಲ ನೋಡುತ್ತೆ ಅಂದ್ಕೊಂಡೆ. ಗುರುತು ಹಾಕಿದ್ರೆ ಹಾಳಾಗುತ್ತೆ ಅಂತ ಗೊತ್ತಿರಲಿಲ್ಲ. ಆಣೆ ಮಾಡ್ತೀನಿ, ಗೊತ್ತಿರಲಿಲ್ಲ."

"ಆಮೇಲೆ ಗೊತ್ತಾಯ್ತಲ್ಲ."

"ಆಯ್ತು."

"ನಾಲ್ಕು ವರ್ಷ ನನ್ನ ಆಕ್ಟೋಪಸ್ ತಿಂದೆ."

"ತಿಂದೆ."

ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ದಾರಿ ಸಿಗುತ್ತಿತ್ತು. ಬೈಗುಳದಲ್ಲಿ ನನ್ನನ್ನು ಮೀರಿಸುವವರಿಲ್ಲ. ಕೋಲನ್ನು ಎಳೆದುಕೊಂಡು ಹೇಳಿದ: "ನಾಳೆ ಬರ್ತೀನಿ. ಶಾಲೆ ಬಾಗಿಲಲ್ಲಿ, ಎಲ್ರ ಎದುರಿಗೆ ನೀನು ಹೇಳಬೇಕು. ಹೆಚ್ಚೂ ಬೇಡ, ಕಮ್ಮೀನೂ ಬೇಡ. ಆಮೇಲೆ ನಾನು ಒಳಗೆ ಹೋಗ್ತೀನಿ."

ಹಾಗಾಗಿ ಹೆಚ್ಚೂ ಇಲ್ಲದೆ ಕಮ್ಮಿಯೂ ಇಲ್ಲದೆ ಹೇಳುತ್ತೇನೆ. ನನಗಿರುವುದು ಹತ್ತೊಂಬತ್ತು ಮೇಕೆ. ನಾನು ಯಾವ ಅಧ್ಯಕ್ಷನನ್ನೂ ಆರಿಸಲಿಲ್ಲ. ಅವರೆಲ್ಲ ನಾನಿಲ್ಲದೆಯೂ ಗೆಲ್ಲುತ್ತಿದ್ದವರು. ಹುಟ್ಟಿದ ಮೇಲೆ ಒಂದೇ ಸಲ ನನ್ನ ಮತಕ್ಕೆ ಬೆಲೆಯಿತ್ತು, ಅದನ್ನು ನಾನು ಮೇಕೆಯ ಕಿವಿಯಂತೆ ಕತ್ತರಿಸಿದೆ. ಸಾವಾಸನ ಕೈ ನಡುಗುತ್ತದೆ ಎಂದು ಜನರ ನಡುವೆ ನಿಂತು ಮೊದಲು ಹೇಳಿದ ಆ 'ಯಾರೋ' ನಾನೇ.

ಗಾಳಿಗೆ ಬೈದದ್ದು ಮಾತ್ರ ನಿಜ. ಹಡಗಿಗಾಗಿ ಅಲ್ಲ, ಮೂರು ದಿನವೂ ಅಲ್ಲ. ಆ ಫೆಬ್ರವರಿಯ ಮಧ್ಯಾಹ್ನ, ಹೆಲಿಕಾಪ್ಟರ್ ವಾಪಸು ಹೋದ ಮೇಲೆ, ಕಣದ ಗೋಡೆ ಹತ್ತಿ ನಿಂತು, ಸುಮಾರು ಒಂದು ಗಂಟೆ. ನನಗೆ ಗೊತ್ತಿದ್ದದ್ದು ನಾಲ್ಕೇ ಬೈಗುಳ. ಅವನ್ನೇ ಮತ್ತೆ ಮತ್ತೆ ಬೈದೆ. ಗಾಳಿ ನಿಲ್ಲಲಿಲ್ಲ.