ಗೋಡೆಯಾಚೆಯ ಮರದ ಪರಿಮಳ

“ಇದ್ದರೆ ಒಂದ್ಸಲ ಮುಖ ತೋರಿಸೋಕೆ ಏನು ಕಷ್ಟ?”

ಗುನ್ವೊರ್ ಇದನ್ನು ನನ್ನನ್ನು ಕೇಳಲಿಲ್ಲ. ಮರದ ಕಡೆಗೂ ನೋಡಿರಲಿಲ್ಲ. ಬಲ ಭುಜವನ್ನು ಎಡಗೈಯಿಂದ ಒತ್ತಿಕೊಳ್ಳುತ್ತ, ಚರ್ಚಿನ ಕಲ್ಲುಗೋಡೆಯ ಮೇಲೆ ಎಲ್ಲೋ ಕಣ್ಣು ನೆಟ್ಟು ಕೇಳಿದಳು. ಉತ್ತರ ಹೇಳಬೇಕಾದವರು ಯಾರೂ ಅಲ್ಲಿರಲಿಲ್ಲ. ನಾನು ಏಣಿಯ ಕಾಲನ್ನು ಹುಲ್ಲಿನೊಳಗೆ ಒತ್ತಿ ಗಟ್ಟಿ ಮಾಡಿದೆ.

ಜುಲೈ ತಿಂಗಳಿಡೀ, ದಿನ ಬಿಟ್ಟು ದಿನ, ನನ್ನ ಕೆಲಸ ಅದೇ. ಆ ಓಕ್ ಮರದ ವಯಸ್ಸು ಆರುನೂರಂತೆ. ನಮ್ಮ ಚರ್ಚಿನ ಈಗಿನ ಗಂಟೆಗೋಪುರಕ್ಕಿಂತ ಹಳೆಯದು. ನೆಲದಿಂದ ಎರಡಾಳೆತ್ತರದಲ್ಲಿ ಅದಕ್ಕೊಂದು ಪೊಟರೆ. ಒಳಗೆ ನೂರಾರು ವರ್ಷಗಳಿಂದ ಮರವೇ ಕೊಳೆತು ಹುಡಿಯಾಗಿ, ಕಾಫಿಪುಡಿಯ ಹಾಗೆ ತುಂಬಿಕೊಂಡಿದೆ. ಆ ಹುಡಿಯಲ್ಲಿ ಒಂದು ಗಾಜಿನ ಜಾಡಿಯನ್ನು ಬಾಯಿಮಟ್ಟ ಹೂತಿಡುತ್ತೇವೆ. ಓಡಾಡುವ ಹುಳ ಅದರೊಳಗೆ ಬೀಳುತ್ತದೆ. ಎಣಿಸಿ, ಬರೆದು, ಮತ್ತೆ ಒಳಕ್ಕೇ ಬಿಡುತ್ತೇವೆ. ನಮಗೆ ಬೇಕಾದದ್ದು ಒಂದೇ ಅಪರೂಪದ ಹುಳ. ಹೆಬ್ಬೆರಳ ತುದಿಯಷ್ಟು ದೊಡ್ಡದಾದ, ಹಳೆಯ ಚಪ್ಪಲಿಯ ತೊಗಲಿನ ಬಣ್ಣದ ಜೀರುಂಡೆ. ಅದರ ಗಂಡು ಬಿಸಿಲೇರಿದಾಗ ಪೊಟರೆಯ ಬಾಯಿಗೆ ಬಂದು ಕೂತು ಮಾಗಿದ ಪ್ಲಮ್ ಹಣ್ಣಿನ ಪರಿಮಳ ಬಿಡುತ್ತದೆ. ಹೆಣ್ಣನ್ನು ಕರೆಯುವ ರೀತಿ ಅದು. ಕರೆಯುತ್ತದೆ, ಕಾಯುತ್ತದೆ. ತಾನಾಗಿ ಹುಡುಕಿಕೊಂಡು ಹೋಗುವುದು ಕಡಿಮೆ. ಹುಟ್ಟಿದ ಮರದಲ್ಲೇ ಸಾಯುವುದೇ ಹೆಚ್ಚು.

ಇದನ್ನೆಲ್ಲ ನನಗೆ ಹೇಳಿಕೊಟ್ಟವನು ಗುನ್ವೊರ್‌ಳ ಗಂಡ ಆರ್ವಿದ್. ಇಪ್ಪತ್ತು ವರ್ಷ ಅವನಿಗೆ ಏಣಿ ಹಿಡಿದೆ. ಅವನು ಮಾತುಗಾರ, ನಾನು ಕೇಳುವವನು. ಚಿಕ್ಕವನಿದ್ದಾಗ ಅಮ್ಮ ಹಾಲು ಕರೆಯುತ್ತ ಚರ್ಚಿನ ಕೀರ್ತನೆಗಳನ್ನು ಬಾಯಿಪಾಠ ಹೇಳುತ್ತಿದ್ದಳು. ದೇವರಿಗಾಗಿ ಕಾಯುವವರ ಪದ್ಯ ಬಂದಾಗ ಅವಳ ದನಿ ತಗ್ಗುತ್ತಿತ್ತು, ಕೆಚ್ಚಲ ಮೇಲೆ ಕೈ ನಿಧಾನವಾಗುತ್ತಿತ್ತು. ಕೇಳುವುದನ್ನು ನಾನು ಅಲ್ಲಿ ಕಲಿತೆ. ಆಮೇಲೆ ನಲವತ್ತು ವರ್ಷ ಚರ್ಚಿನ ಗಂಟೆ ಹೊಡೆದೆ. ಆರ್ವಿದ್‌ನ ಸಾವಿನ ಗಂಟೆಯನ್ನೂ ನಾನೇ ಹೊಡೆದೆ.

ಅವನು ಹೋಗಿ ಈ ಅಕ್ಟೋಬರಿಗೆ ಮೂರು ವರ್ಷ. ಆ ವರ್ಷದ ಜುಲೈಯಲ್ಲಿ ಒಂದು ದಿನ ಕೆಮ್ಮುತ್ತಲೇ ಕೊನೆಯ ಸಲ ಹತ್ತಿದ್ದ. ಅವತ್ತು ಮಾತ್ರ ಏಣಿ ಹಿಡಿದವಳು ಗುನ್ವೊರ್; ನಾನೊಂದು ಮದುವೆಗೆ ಗಂಟೆ ಹೊಡೆಯುತ್ತಿದ್ದೆ. ಅವತ್ತಿನ ಜಾಡಿ ಖಾಲಿಯಿತ್ತು. ಆದರೆ ಇಳಿದು ಬಂದ ಆರ್ವಿದ್‌ನ ತೋಳಿನಿಂದ ಪ್ಲಮ್ ವಾಸನೆ ಬರುತ್ತಿತ್ತಂತೆ. “ಇದ್ದಾನೆ ಒಳಗೆ” ಎಂದನಂತೆ. ಮರದ ಬಗ್ಗೆ ಅವನಾಡಿದ ಕಡೆಯ ಮಾತು ಅದು.

ಮರುವರ್ಷದಿಂದ ಗುನ್ವೊರ್ ತಾನೇ ಹತ್ತತೊಡಗಿದಳು. ಜಾಡಿಯಲ್ಲಿ ಇರುವೆ, ಜೇಡ, ಹಸಿರು ಮಿಂಚಿನ ಹೂಜೀರುಂಡೆ ಎಲ್ಲ ಸಿಗುತ್ತಿದ್ದವು, ಅವನೊಬ್ಬ ಬಿಟ್ಟು. ಪರಿಮಳ ಮಾತ್ರ ಇರುತ್ತಿತ್ತು. ಏಣಿಯ ಬುಡದಲ್ಲಿ ನಿಂತ ನನಗೂ ಬರುತ್ತಿತ್ತು. ಹೋದ ವರ್ಷ ಸ್ವಲ್ಪ ಕಡಿಮೆಯಾದಂತೆ ಕಂಡಾಗ ಅವಳು, “ಮುದುಕನಾಗಿದ್ದಾನೆ, ನಿನ್ನ ಹಾಗೆ” ಎಂದು ನಕ್ಕಿದ್ದಳು.

ಹೀಗೆ ಹುಳ ಎಣಿಸುವ ಲೆಕ್ಕದ ಮರಗಳಿಗೆ ಜಿಲ್ಲಾ ಕಚೇರಿಯದೊಂದು ನಿಯಮವಿದೆ. ಮೂರು ಬೇಸಿಗೆ ಸಾಲಾಗಿ ಜಾಡಿ ಖಾಲಿಯಿದ್ದರೆ ಆ ಮರವನ್ನು ಪಟ್ಟಿಯಿಂದ ತೆಗೆಯುತ್ತಾರೆ. ಜಾಡಿ ಕಿತ್ತು ಏಣಿ ವಾಪಸು ಒಯ್ಯುತ್ತಾರೆ. ಇದು ಮೂರನೆಯ ಬೇಸಿಗೆ, ಇವತ್ತು ಕೊನೆಯ ದಿನ. ಜಿಲ್ಲಾ ಕಚೇರಿಯಿಂದ ತೂವಾ ಎಂಬ ಹುಡುಗಿ ಹನ್ನೊಂದಕ್ಕೆ ಬರುವವಳಿದ್ದಳು. ಗುನ್ವೊರ್ ಫೋನಿನಲ್ಲಿ ಅವಳ ತಲೆ ತಿಂದು ಒಂದು ಮಾತು ಪಡೆದಿದ್ದಳು: ಜಾಡಿ ಖಾಲಿಯಿದ್ದರೂ ತೂವಾಳ ಮೂಗಿಗೇ ಪರಿಮಳ ಬಂದರೆ ಇನ್ನೆರಡು ವರ್ಷ ಮರವನ್ನು ಪಟ್ಟಿಯಲ್ಲಿ ಉಳಿಸಿಕೊಳ್ಳಬಹುದು.

ಉಳಿಯದಿದ್ದರೆ ತಾನು ಮನೆ ಮಾರಿ ಕಾಲ್ಮಾರ್ ಪಟ್ಟಣದಲ್ಲಿರುವ ತಂಗಿಯ ಹತ್ತಿರ ಹೋಗುವುದಾಗಿ ಗುನ್ವೊರ್ ಈಸ್ಟರಿನಲ್ಲೇ ಹೇಳಿದ್ದಳು. ರಸ್ಕನ್ನು ಕಾಫಿಯಲ್ಲಿ ಅದ್ದುತ್ತ, ಹವೆಯ ಬಗ್ಗೆ ಹೇಳುವ ಹಾಗೆ ಹೇಳಿದಳು. ನಾನು ಕೇಳಿಸಿಕೊಂಡೆ. ನನಗೆ ವರ್ಷವೆಂದರೆ ಅವಳಿಗೆ ಏಣಿ ಹಿಡಿಯುವ ಜುಲೈಯ ಆ ಹದಿನೈದು ಹದಿನಾರು ಬೆಳಗುಗಳು ಎಂದು ನಾನು ಯಾರಿಗೂ ಹೇಳಿದವನಲ್ಲ. ಆರ್ವಿದ್ ನನ್ನ ಸ್ನೇಹಿತ. ಪ್ರಾರ್ಥನೆಯಲ್ಲೂ ಆ ಮಾತನ್ನು ಪೂರ್ತಿ ಮಾಡದೆ ಬಿಟ್ಟಿದ್ದೇನೆ.

“ಕೈ ಮೇಲೆ ಏಳ್ತಾ ಇಲ್ಲ,” ಎಂದಳು ಗುನ್ವೊರ್. “ರಾತ್ರಿಯಿಡೀ ಭುಜ ನೋವು. ಹಿಲ್ಡಿಂಗ್, ಇವತ್ತು ನೀನು ಹತ್ತು.”

“ನಾನಾ?”

“ಗಂಟೆಗೋಪುರ ನಲವತ್ತು ವರ್ಷ ಹತ್ತಿಲ್ವಾ? ಇದು ಹನ್ನೆರಡು ಮೆಟ್ಟಿಲು. ಬಿದ್ರೆ ಸ್ಮಶಾನ ಗೋಡೆ ಆಚೆನೇ ಇದೆ, ದೂರ ಹೊರಬೇಕಾಗಿಲ್ಲ.”

“ಹೊರೋರು ಯಾರು, ಈ ಭುಜ ಇಟ್ಕೊಂಡು ನೀನಾ?”

“ಉರುಳಿಸ್ತೀನಿ. ಹತ್ತು, ಹತ್ತು.”

ಹತ್ತಿದೆ. ಇಪ್ಪತ್ಮೂರು ವರ್ಷ ಕೆಳಗೆ ನಿಂತು ನೋಡಿದ ಪೊಟರೆಗೆ ಮೊದಲ ಸಲ ಮುಖ ಕೊಟ್ಟೆ. ಒಳಗೆ ತಂಪು, ಕತ್ತಲು. ಹಳೆಯ ಚರ್ಚಿನ ನೆಲಮಾಳಿಗೆಯಂಥ ವಾಸನೆ. ಅದರ ಮೇಲೆ, ನವಿರಾಗಿ, ಪ್ಲಮ್. ಜಾಡಿಗೆ ಕೈ ಹಾಕಿದೆ. ಎರಡು ಇರುವೆ, ಒಂದು ಜೇಡ.

“ಏನಿದೆ?” ಕೆಳಗಿಂದ ಕೇಳಿದಳು.

“ಇರುವೆ. ಜೇಡ.”

“ವಾಸನೆ?”

“ಇದೆ.”

“ನಾನು ಹೇಳಿಲ್ವಾ?” ಅವಳ ದನಿಗೆ ಮೂವತ್ತು ವರ್ಷ ಕಡಿಮೆಯಾದಂತಿತ್ತು. “ಅವತ್ತಿಟ್ಟ ಮೊಟ್ಟೆ ಹುಳವಾಗೋಕೆ ಮೂರು ವರ್ಷ ಬೇಕು, ಹಿಲ್ಡಿಂಗ್. ಈ ವರ್ಷವೇ. ಆರ್ವಿದ್ ಇದ್ದಾಗಿನ ಮೊಟ್ಟೆ. ಸರಿಯಾಗಿ ನೋಡು, ಅಂಚಲ್ಲೆಲ್ಲಾದ್ರೂ ಕೂತಿರ್ತಾನೆ.”

ಪೊಟರೆಯ ಅಂಚನ್ನು ಬೆರಳಿಂದ ಸವರುತ್ತ ಹೋದೆ. ಮೂಗು ಮೇಲಕ್ಕೆ ಎಳೆಯಿತು. ಪರಿಮಳ ಹುಡಿಯಿಂದ ಬರುತ್ತಿರಲಿಲ್ಲ, ಮೇಲಿನಿಂದ ಇಳಿಯುತ್ತಿತ್ತು. ಗುನ್ವೊರ್ ಗಿಡ್ಡ, ಅವಳ ಕೈ ಅಲ್ಲಿಗೆ ಎಟುಕುತ್ತಿರಲಿಲ್ಲ; ಆರ್ವಿದ್ ಆರಡಿ ಮೀರಿದ ಆಳಾಗಿದ್ದ, ನಾನೂ ಅಷ್ಟೇ ಎತ್ತರ. ಮೇಲ್ಗಡೆಯ ಸೀಳಿನೊಳಕ್ಕೆ ತೋಳು ತೂರಿಸಿದಾಗ ಬೆರಳಿಗೆ ತಂತಿ ತಗುಲಿತು. ತಾಮ್ರದ ತಂತಿ. ಅದರ ತುದಿಯಲ್ಲಿ ಕಿರುಬೆರಳಷ್ಟು ಗಾಜಿನ ಸೀಸೆ.

ಅದೇನೆಂದು ನನಗೆ ಗೊತ್ತಿತ್ತು. ಹೊಲದಾಚೆಯ ಜಮೀನ್ದಾರರ ಓಕ್ ತೋಪಿನಲ್ಲಿ ಆರ್ವಿದ್ ಬೇರೊಂದು ಪರೀಕ್ಷೆಗೆಂದು ಇಂಥವನ್ನು ಕಟ್ಟುತ್ತಿದ್ದ. ಗಂಡು ಜೀರುಂಡೆಯ ಪರಿಮಳವನ್ನು ಔಷಧದಂತೆ ತಯಾರಿಸಿ ತುಂಬಿದ ಸೀಸೆ, ಮುಚ್ಚಳದಲ್ಲಿ ಸೂಜಿಮೊನೆಯ ತೂತು. ಲೆಕ್ಕದ ಮರಕ್ಕೆ ಅದನ್ನು ಕಟ್ಟುವಂತಿಲ್ಲ. ಆ ನಿಯಮವನ್ನು ನನಗೆ ಹೇಳಿದವನೂ ಅವನೇ.

ಸೀಸೆಯ ತಳದಲ್ಲಿ ಎಣ್ಣೆಯಂಥದು ಒಂದು ಬೊಟ್ಟು ಉಳಿದಿತ್ತು.

ಮೇಲೆ ಎಷ್ಟು ಹೊತ್ತು ನಿಂತೆನೋ. ಅದನ್ನು ಅಲ್ಲೇ ಬಿಟ್ಟು ಇಳಿಯಬಹುದಿತ್ತು. ತೂವಾ ಬರುತ್ತಿದ್ದಳು, ಮೂಸುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು. ಗುನ್ವೊರ್ ಕಾಲ್ಮಾರಿಗೆ ಹೋಗುತ್ತಿರಲಿಲ್ಲ. ನನಗೆ ಅಮ್ಮನ ದನಿ ಕೇಳಿಸಿತು ಎಂದರೆ ಸುಳ್ಳಾದೀತು. ಕೇಳಿಸಿದ್ದು ಕೆಳಗೆ ಗುನ್ವೊರ್ ಸೀಟಿ ಹಾಕುತ್ತಿದ್ದದ್ದು. ಮೂರು ವರ್ಷದಲ್ಲಿ ಅವಳು ಸೀಟಿ ಹಾಕಿದ್ದನ್ನು ನಾನು ಕೇಳಿರಲಿಲ್ಲ. ಆ ಸಂತೋಷ ಈ ಸೀಸೆಯ ಮೇಲೆ ನಿಂತಿದೆಯಲ್ಲ ಎನಿಸಿ ತಂತಿ ಬಿಚ್ಚಿದೆ.

ಇಳಿದು ಅಂಗೈ ತೆರೆದೆ. ಸೀಟಿ ನಿಂತಿತು.

ಅವಳು ಸೀಸೆಯನ್ನು ತೆಗೆದುಕೊಂಡು ಕನ್ನಡಕ ಹಣೆಗೇರಿಸಿದಳು. ಅಂಟಿಸಿದ ಚೀಟಿಯಲ್ಲಿ ಪೆನ್ಸಿಲಿನ ಅಕ್ಷರ, ಆರ್ವಿದ್‌ನದೇ, ಎಡಕ್ಕೆ ವಾಲಿದ್ದು. ಜುಲೈ ಹತ್ತೊಂಬತ್ತು, ಮತ್ತೆ ಇಸವಿ.

“ಅವನ ಕೊನೇ ಸಲ,” ಎಂದಳು. ಚೀಟಿಯನ್ನು ಹೆಬ್ಬೆರಳಿಂದ ಸವರಿ, “ಹುಳ ಒಳಗೆ ಇದ್ದಿದ್ರೆ ಇದನ್ನ ಯಾಕೆ ಕಟ್ತಿದ್ದ?”

ನಾನು ಕೈಗಂಟಿದ ಹುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡೆ.

“ಇರಲಿಲ್ಲ. ಅವನಿಗೆ ಗೊತ್ತಿತ್ತು. ತೋಪಿನ ಹೆಣ್ಣುಹುಳ ಯಾರಾದ್ರೂ ಒಬ್ಬಳು ಬರ್ತಾಳೇನೋ ಅಂತ ಕಟ್ಟಿದ್ದಾನೆ. ಇಳಿದು ಬಂದು ನನಗೆ, ಇದ್ದಾನೆ ಅಂದ.” ಅವಳು ಹುಲ್ಲಿನ ಮೇಲೆ ಕುಳಿತಳು. “ನಿಯಮ ನಿಯಮ ಅಂತ ನನ್ನ ತಲೆ ತಿಂದ ಗಂಡಸು. ಹುಳಕ್ಕೆ ಒಂದು ಸಕ್ಕರೆ ನೀರಿಡೋಕೂ ಬಿಡಲಿಲ್ಲ ಕಣೋ. ನೋಡು ಈಗ.” ನಗಲು ಹೋದಳು, ಆಗಲಿಲ್ಲ. ಸೀಸೆಯನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದಳು.

ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿ ಅವಳ ಪಕ್ಕದಲ್ಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಮರದೊಳಗೆ ಎಲ್ಲೋ ಒಂದು ಹುಳ ಮರ ಕೆರೆಯುವ ಸದ್ದು ಬರುತ್ತಿತ್ತು, ನಮಗೆ ಬೇಕಾದದ್ದಲ್ಲದ ಯಾವುದೋ. ಗೋಪುರದ ಗಡಿಯಾರ ಹತ್ತೂವರೆ ಹೊಡೆಯಿತು.

“ಮೂರು ವರ್ಷ,” ಎಂದಳು ಗುನ್ವೊರ್, “ನಾನು ಮೂಸಿದ್ದು ಅವನ ಕೈಯನ್ನೇ.”

“ಹೌದು.”

“ಅಂದ್ರೆ ಪೂರ್ತಿ ಸುಳ್ಳಲ್ಲ, ಅಲ್ವಾ?”

ತೋಪಿನ ಕಡೆಯ ದಾರಿಯಲ್ಲಿ ಧೂಳೆದ್ದಿತು. ಕಚೇರಿಯ ಬಿಳಿ ಕಾರು. ತೂವಾ ಯಾವಾಗಲೂ ಹೊತ್ತಿಗೆ ಮುಂಚೆ ಬರುವವಳು. ಗುನ್ವೊರ್ ಕಾರನ್ನು ನೋಡಿದಳು, ಎದ್ದಳು, ಸೀಸೆಯನ್ನು ನನ್ನ ಕೈಗಿಟ್ಟು ಬೆರಳುಗಳನ್ನು ತಾನೇ ಮಡಚಿದಳು. ಅವಳ ಕೈ ನನ್ನ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು.

“ಹಿಲ್ಡಿಂಗ್, ಇದನ್ನ ಇದ್ದ ಜಾಗಕ್ಕೆ ಕಟ್ಟಿ ಬಾ. ಇನ್ನೂ ಹೊತ್ತಿದೆ, ಗೇಟು ತೆಗೆದು ಹಾಕಿ ಬರೋಕೆ ಅವಳಿಗೆ ಐದು ನಿಮಿಷ ಬೇಕು. ನೀನೇನೂ ಹೇಳಬೇಡ, ಹೇಗೂ ನೀನು ಹೇಳೋನಲ್ಲ. ಅವಳು ಮೂಸಿ ಹೋಗಲಿ. ಎರಡು ವರ್ಷ ಅಷ್ಟೇ ನಾನು ಕೇಳ್ತಿರೋದು.” ದನಿ ತಗ್ಗಿತು. “ನಿನಗೂ ಎರಡು ಜುಲೈ ಸಿಗುತ್ತಲ್ಲ. ನನಗೆ ಗೊತ್ತಿಲ್ಲ ಅಂದ್ಕೊಂಡಿದ್ದೀಯಾ?”

ಕಾರು ಗೇಟಿನ ಹತ್ತಿರ ನಿಂತಿತು. ಬಾಗಿಲು ಹಾಕಿದ ಸದ್ದು ಬಂತು. ಅವಳ ಕೈ ಇನ್ನೂ ನನ್ನ ಕೈಯ ಮೇಲಿತ್ತು. ನಾನು ನನ್ನ ಇನ್ನೊಂದು ಕೈಯಿಂದ ಅದನ್ನು ಮೆಲ್ಲಗೆ ಬಿಡಿಸಿದೆ.

“ಇಲ್ಲ ಗುನ್ವೊರ್. ನಾನು ಕಟ್ಟಲ್ಲ.”